ಪರ್ಸಿ ಜಾಕ್ಸನ್ನಾ, ಬೇರೆಯದಾ? ಮಗುವಿಗೆ ಗ್ರೀಕ್ ಪುರಾಣದ ಸರಣಿ ಆರಿಸುವ ಮುಂಚೆ

"ಮಗಳು ಪರ್ಸಿ ಜಾಕ್ಸನ್ ಬೇಕು ಅಂತ ಹಟ ಹಿಡಿದಿದ್ದಾಳೆ. ಅಂಗಡಿಗೆ ಹೋದರೆ ಅದೇ ಲೇಖಕರ ಪುಸ್ತಕ ಒಂದು ಕಪಾಟು ತುಂಬ ಇದೆ. ಯಾವುದು ತಗೊಳ್ಳಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೆಲವರ ಮಗುವಿಗೆ ಏಳೆಂಟು ವರ್ಷ, ಕೆಲವರದ್ದಕ್ಕೆ ಹದಿಮೂರು. ಕೆಲವರು ಐದೂ ಪುಸ್ತಕದ ಬಾಕ್ಸ್ ಸೆಟ್ ಒಂದೇ ಸಲ ತರಿಸಿಬಿಟ್ಟಿರುತ್ತಾರೆ. ಮಗು ನಾಲ್ಕು ಅಧ್ಯಾಯ ಓದಿ ಮೂಲೆಗೆ ಇಟ್ಟಿರುತ್ತದೆ. ಇನ್ನು ಕೆಲವರು ಮುಖಪುಟ ನೋಡಿ ಮಧ್ಯದ ಪುಸ್ತಕ ತಂದಿರುತ್ತಾರೆ, ಮಗುವಿಗೆ ಕಥೆಯ ತಲೆಬುಡ ಗೊತ್ತಾಗಿರುವುದಿಲ್ಲ.

ಗೊಂದಲ ಆಗುವುದು ಸಹಜ. ಪರ್ಸಿ ಜಾಕ್ಸನ್ ಅಂದರೆ ಇವತ್ತಿನ ಅಮೆರಿಕದಲ್ಲಿ ಬೆಳೆಯುವ, ಗ್ರೀಕ್ ದೇವರ ಮಗನಾದ ಹುಡುಗನೊಬ್ಬನ ಸಾಹಸದ ಕಥೆ. ಅದರ ಲೇಖಕ ರಿಕ್ ರಯರ್ಡನ್ ಅದೇ ಲೋಕದಲ್ಲಿ ಬರೆದ ಐದೈದು ಪುಸ್ತಕದ ಮೂರು ಸರಣಿ ಇವೆ. ಅದರ ಮೇಲೆ ಹೊಸ ಪುಸ್ತಕಗಳು, ಚಿತ್ರಗಳಲ್ಲೇ ಕಥೆ ಹೇಳುವ ಗ್ರಾಫಿಕ್ ನಾವೆಲ್‌ಗಳು, ಸಿನೆಮಾ, ಧಾರಾವಾಹಿ. ಅದರಾಚೆ ಗ್ರೀಕ್ ದೇವತೆಗಳನ್ನೇ ಇಟ್ಟುಕೊಂಡು ಬೇರೆಯವರು ಬರೆದ ಮಕ್ಕಳ ಸರಣಿಗಳೂ ಇವೆ, ಅವು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಎಲ್ಲವೂ ಒಳ್ಳೆಯವೇ. ಆದರೆ ಎಲ್ಲವೂ ಎಲ್ಲ ಮಗುವಿಗೂ ಅಲ್ಲ.

ಮೊದಲು ಏನು ನೋಡಬೇಕು

ಪುಸ್ತಕದ ಹಿಂದೆ ಹಾಕಿರುವ ವಯಸ್ಸನ್ನು ನಾನು ಅಷ್ಟಾಗಿ ನೋಡುವುದಿಲ್ಲ. ಹತ್ತು ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬಳು ನಾನೂರು ಪುಟ ಒಂದೇ ಗುಕ್ಕಿಗೆ ಮುಗಿಸುತ್ತಾಳೆ, ಇನ್ನೊಬ್ಬನಿಗೆ ಇಂಗ್ಲಿಷಿನ ಒಂದು ಪುಟವೇ ಕಬ್ಬಿಣದ ಕಡಲೆ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಷ್ಟೇ ಇಂಗ್ಲಿಷ್ ಓದುವ ಮಕ್ಕಳ ವಿಷಯದಲ್ಲಂತೂ ಇದು ಜಾಸ್ತಿ ನಿಜ. ಈ ಪುಸ್ತಕಗಳನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲೇ ಓದುತ್ತಾರೆ. ಹಾಗಾಗಿ ಮಗು ಈಗ ಯಾವ ದಪ್ಪದ ಪುಸ್ತಕವನ್ನು ತಾನಾಗಿ, ಯಾರೂ ಬೆನ್ನು ಹತ್ತದೆ, ಕೊನೆವರೆಗೆ ಓದಿದೆ ಅನ್ನುವುದನ್ನು ಮೊದಲು ನೋಡಿ.

ಎರಡನೆಯದು, ಕಥೆಯನ್ನು ಯಾರು ಹೇಳುತ್ತಾರೆ ಅನ್ನುವುದು. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ನನಗೆ ಮಾತ್ರ ಇದೇ ಮುಖ್ಯ ಅನಿಸುತ್ತದೆ. ಹುಡುಗನೊಬ್ಬ ಎದುರು ಕೂತು ತನ್ನ ಕಥೆ ತಾನೇ ಹೇಳಿದ ಹಾಗಿದ್ದರೆ ಓದಿನ ರುಚಿ ಇನ್ನೂ ಹತ್ತದ ಮಗುವೂ ಜೊತೆಗೆ ಬರುತ್ತದೆ. ಅಧ್ಯಾಯಕ್ಕೊಬ್ಬರಂತೆ ಐದಾರು ಜನರ ಕಣ್ಣಿಂದ ಕಥೆ ಹೋದರೆ ಅದೇ ಮಗು ಯಾರು ಯಾರು ಅಂತ ಗೊತ್ತಾಗದೆ ಬಿಟ್ಟುಬಿಡುತ್ತದೆ.

ಮೂರನೆಯದು, ಮಗುವಿಗೆ ಬೇಕಿರುವುದು ಸಾಹಸವೋ ಪುರಾಣವೋ. "ಆಮೇಲೆ ಏನಾಯ್ತು?" ಅಂತ ಕೇಳುವ ಮಗು ಬೇರೆ. "ನೋಡಿದವರನ್ನು ಕಲ್ಲಾಗಿಸುವ ಮೆಡೂಸಾ ಯಾಕೆ ಹಾಗಾದಳು, ಮೊದಲು ಹೇಗಿದ್ದಳು?" ಅಂತ ಕೇಳುವ ಮಗು ಬೇರೆ. ಎರಡಕ್ಕೂ ಒಂದೇ ಪುಸ್ತಕ ಸಾಲುವುದಿಲ್ಲ.

ನಾಲ್ಕನೆಯದು, ನಿಮ್ಮ ಮನೆಯಲ್ಲಿ ಯಾವುದರ ಬಗ್ಗೆ ಮಾತಾಡಲು ನೀವು ತಯಾರಿದ್ದೀರಿ. ಗ್ರೀಕ್ ಪುರಾಣ ಅಂದಮೇಲೆ ತಂದೆ ಮಕ್ಕಳನ್ನೇ ನುಂಗುತ್ತಾನೆ, ದೇವರುಗಳು ಮದುವೆಯಾಚೆ ಮಕ್ಕಳನ್ನು ಹುಟ್ಟಿಸುತ್ತಾರೆ, ಸಾವು ನೋವು ಎಲ್ಲಾ ಇರುತ್ತದೆ. ನಮ್ಮ ಪುರಾಣದಲ್ಲೂ ಇದೆಲ್ಲಾ ಇದೆ, ಅದೇನೂ ದೊಡ್ಡ ವಿಷಯ ಅಲ್ಲ. ಆದರೆ ಯಾವ ಪುಸ್ತಕ ಅದನ್ನು ಹೇಗೆ ಹೇಳುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು.

ಕೊನೆಗೆ ದುಡ್ಡು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು ಪುಸ್ತಕದ ಬೆಲೆ ಎಷ್ಟು ಅನ್ನುವುದಲ್ಲ. ಒಂದೇ ಪುಸ್ತಕ ಕೊಂಡು ನಿಲ್ಲಿಸಿದರೆ ಕಥೆ ಪೂರ್ತಿ ಆಗುತ್ತದಾ, ಇಲ್ಲಾ ಐದೂ ಕೊಳ್ಳಲೇಬೇಕಾ ಅನ್ನುವುದು.

ಪರ್ಸಿ ಜಾಕ್ಸನ್‌ನ ಮೊದಲ ಐದು

2005ರಲ್ಲಿ ಬಂದ 'ದಿ ಲೈಟ್ನಿಂಗ್ ಥೀಫ್' ಇದರ ಮೊದಲ ಪುಸ್ತಕ. ಆಮೇಲೆ ವರ್ಷಕ್ಕೊಂದರಂತೆ 'ದಿ ಸೀ ಆಫ್ ಮಾನ್‌ಸ್ಟರ್ಸ್', 'ದಿ ಟೈಟನ್ಸ್ ಕರ್ಸ್', 'ದಿ ಬ್ಯಾಟಲ್ ಆಫ್ ದಿ ಲ್ಯಾಬಿರಿಂತ್' ಬಂದವು. 2009ರಲ್ಲಿ 'ದಿ ಲಾಸ್ಟ್ ಒಲಿಂಪಿಯನ್' ಬಂದು ಕಥೆ ಮುಗಿಯಿತು. ಓದಬೇಕಾದ ಕ್ರಮವೂ ಇದೇ, ಇದನ್ನು ಬದಲಿಸಬೇಡಿ.

ಇದು ಹುಟ್ಟಿದ ಬಗೆ ತಿಳಿದರೆ ಯಾವ ಮಗುವಿಗೆ ಸರಿ ಅನ್ನುವುದು ಅರ್ಧ ತಿಳಿದ ಹಾಗೆ. ರಯರ್ಡನ್ ಮೇಷ್ಟ್ರಾಗಿದ್ದವರು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳಿಗೆ 15 ವರ್ಷ ಇಂಗ್ಲಿಷ್, ಇತಿಹಾಸ ಕಲಿಸಿದ್ದಾರೆ. ಅವರ ದೊಡ್ಡ ಮಗನಿಗೆ ಓದುವಾಗ ಅಕ್ಷರಗಳು ಕಲಸಿಹೋಗುವ ಡಿಸ್ಲೆಕ್ಸಿಯಾ ಇತ್ತು, ಒಂದು ಕಡೆ ಗಮನ ನಿಲ್ಲದ ಎಡಿಎಚ್‌ಡಿ ಇತ್ತು. ಅವನಿಗೆ ಇಷ್ಟವಾಗಿದ್ದು ಗ್ರೀಕ್ ಪುರಾಣ ಮಾತ್ರ. ರಾತ್ರಿ ಮಲಗುವಾಗ ಹೇಳುತ್ತಿದ್ದ ಕಥೆಗಳೆಲ್ಲ ಖಾಲಿಯಾದ ಮೇಲೆ ಮಗನಿಗೋಸ್ಕರ ಹೊಸ ಕಥೆ ಕಟ್ಟಿದರು, ಅದರ ನಾಯಕನಿಗೂ ಮಗನಿಗಿದ್ದ ಎರಡೂ ತೊಂದರೆ ಕೊಟ್ಟರು.

ಹೀಗಾಗಿ ಇದು ಓದಲು ಕಷ್ಟಪಡುವ ಮಗುವಿಗೆ ಅಂತಲೇ ಕಟ್ಟಿದ ಕಥೆ. ಪರ್ಸಿಗೆ 12 ವರ್ಷ. ಶಾಲೆಯಿಂದ ಶಾಲೆಗೆ ಹೊರಹಾಕಿಸಿಕೊಂಡ ಹುಡುಗ. ಅವನಪ್ಪ ಸಮುದ್ರದ ದೇವರು ಪೊಸೈಡನ್ ಅಂತ ಆಮೇಲೆ ಗೊತ್ತಾಗುತ್ತದೆ. ಅವನಿಗೆ ಇಂಗ್ಲಿಷ್ ಅಕ್ಷರ ಕಲಸಿಹೋಗುವುದು ಅವನ ಮೆದುಳು ಹಳೆಯ ಗ್ರೀಕ್ ಓದಲು ತಯಾರಾಗಿರುವುದರಿಂದ. ಸುಮ್ನೆ ಕೂರಲು ಆಗದಿರುವುದು ಯುದ್ಧದಲ್ಲಿ ಜೀವ ಉಳಿಸುವ ಚುರುಕುತನ. ತರಗತಿಯಲ್ಲಿ ದಿನಾ ಬೈಸಿಕೊಳ್ಳುವ ಮಗು ಇದನ್ನು ಓದುವಾಗ ಅದಕ್ಕೆ ಏನು ಸಿಗುತ್ತದೆ ಅಂತ ಯೋಚಿಸಿ.

ಒಂದು ದೃಶ್ಯ ಹೇಳುತ್ತೇನೆ. ಪರ್ಸಿ, ಅವನ ಜೊತೆಗಾರರಾದ ಅನಬೆತ್, ಗ್ರೋವರ್ ಮೂವರೂ ನ್ಯೂಜೆರ್ಸಿಯ ಕಾಡಿನಲ್ಲಿ ರಾತ್ರಿ ದಾರಿ ತಪ್ಪಿದ್ದಾರೆ. ಹೊಟ್ಟೆ ಹಸಿದಿದೆ. ದೂರದಲ್ಲಿ ಬಣ್ಣದ ದೀಪದ ಬೋರ್ಡು, ಬರ್ಗರ್ ಬೇಯುವ ವಾಸನೆ. ಬೋರ್ಡಿನ ಅಕ್ಷರಗಳು ಪರ್ಸಿಯ ಕಣ್ಣಿಗೆ ಅರ್ಥವೇ ಇಲ್ಲದ ಹಾಗೆ ಅಡ್ಡಾದಿಡ್ಡಿ ಕಾಣುತ್ತವೆ, ಪುಟದ ಮೇಲೂ ಹಾಗೇ ಅಚ್ಚಾಗಿವೆ. ಓದುವ ಮಗುವೂ ಅಲ್ಲಿ ಒಂದು ಕ್ಷಣ ತಡವರಿಸುತ್ತದೆ. ಗ್ರೋವರ್ ಅದನ್ನು ಓದಿ ಹೇಳುತ್ತಾನೆ: ತೋಟದ ಗೊಂಬೆಗಳ ಅಂಗಡಿ, ಎಮ್ ಆಂಟಿಯದ್ದು. ಒಳಗೆ ಹೋದರೆ ಎಲ್ಲಾ ಕಡೆ ಕಲ್ಲಿನ ಮನುಷ್ಯರು, ಕಲ್ಲಿನ ಪ್ರಾಣಿಗಳು. ಒಂದು ವಿಗ್ರಹ ತನ್ನ ಚಿಕ್ಕಪ್ಪನ ಹಾಗೇ ಇದೆ ಅಂತ ಗ್ರೋವರ್ ಹೇಳುತ್ತಾನೆ. ಮುಖ ಮುಚ್ಚಿಕೊಂಡ ಹೆಂಗಸು ಪ್ರೀತಿಯಿಂದ ಊಟ ಬಡಿಸುತ್ತಾಳೆ. ಮೆಡೂಸಾ ಕಥೆ ಗೊತ್ತಿರುವ ಮಗು ಇಷ್ಟೊತ್ತಿಗೆ ಕುರ್ಚಿಯ ತುದಿಗೆ ಬಂದಿರುತ್ತದೆ. ಗೊತ್ತಿಲ್ಲದ ಮಗುವಿಗೂ ಏನೋ ಸರಿಯಿಲ್ಲ ಅಂತ ಅನಿಸಿರುತ್ತದೆ. ಪುರಾಣವನ್ನು ಇವತ್ತಿನ ಅಮೆರಿಕದ ರಸ್ತೆ ಬದಿಗೆ ತಂದು ನಿಲ್ಲಿಸುವ ಈ ಕೈಚಳಕವೇ ಈ ಐದು ಪುಸ್ತಕದ ಬಂಡವಾಳ. ಗ್ರೀಕ್ ದೇವರುಗಳ ಮನೆಯಾದ ಒಲಿಂಪಸ್ ಇರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ. ಪಾತಾಳಕ್ಕೆ ದಾರಿ ಲಾಸ್ ಏಂಜಲೀಸ್‌ನಲ್ಲಿ.

ಮಹಾಭಾರತ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ವಿಷಯ ನೇರ ತಾಗುತ್ತದೆ. ದೇವರ ಮಕ್ಕಳಿಗೆಂದೇ ಇರುವ ಶಿಬಿರಕ್ಕೆ ಪರ್ಸಿ ಬರುತ್ತಾನೆ. ಅಲ್ಲಿ ಒಬ್ಬೊಬ್ಬ ದೇವರ ಮಕ್ಕಳಿಗೆ ಒಂದೊಂದು ಮನೆ. ತಂದೆಯೋ ತಾಯಿಯೋ ಯಾರು ಅಂತ ಇನ್ನೂ ಗೊತ್ತಾಗದ ಮಕ್ಕಳೆಲ್ಲ ಹರ್ಮೀಸ್‌ನ ಮನೆಯಲ್ಲಿ ಇಕ್ಕಟ್ಟಿನಲ್ಲಿ ನೆಲದ ಮೇಲೆ ಮಲಗುತ್ತಾರೆ. ಇವತ್ತಾದರೂ ದೇವರು "ಇವನು ನನ್ನ ಮಗ" ಅಂತ ಒಪ್ಪಿಕೊಳ್ಳುತ್ತಾನಾ ಅಂತ ಕಾಯುತ್ತಾರೆ. ಕೆಲವರಿಗೆ ಆ ದಿನ ಬರುವುದೇ ಇಲ್ಲ. ಕರ್ಣನ ಕಥೆ ಗೊತ್ತಿರುವ ಮಗುವಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸರಣಿಯ ಮುಖ್ಯ ಜಗಳ ಹುಟ್ಟುವುದೂ ಈ ಸಿಟ್ಟಿನಿಂದಲೇ. ಬರೀ ರಾಕ್ಷಸರನ್ನು ಕೊಲ್ಲುವ ಕಥೆ ಆಗದೆ ಇದು ಉಳಿದುಕೊಂಡಿರುವುದು ಅದಕ್ಕೇ ಅಂತ ನನ್ನ ಅಭಿಪ್ರಾಯ.

ತೊಡಕುಗಳೂ ಇವೆ. ಅಮೆರಿಕದ ಶಾಲೆ, ತಿಂಡಿ, ಟಿವಿ ಕುರಿತ ತಮಾಷೆ ಎಲ್ಲವೂ ನಮ್ಮ ಮಕ್ಕಳಿಗೆ ಹತ್ತುವುದಿಲ್ಲ. ಅದು ಹತ್ತದಿದ್ದರೂ ಕಥೆ ನಿಲ್ಲುವುದಿಲ್ಲ. ಪರ್ಸಿಯ ಮಲತಂದೆ ತಾಯಿಯನ್ನು ಹಿಂಸಿಸುವವನು, ಮೊದಲ ಪುಸ್ತಕದ ಕೊನೆಯಲ್ಲಿ ಅವನಿಗಾಗುವ ಗತಿ ಮಗುವಿಗೆ ಖುಷಿ ಕೊಟ್ಟರೂ ದೊಡ್ಡವರನ್ನು ಯೋಚನೆಗೆ ಹಚ್ಚುತ್ತದೆ. ಎರಡನೆಯ ಪುಸ್ತಕ ಐದರಲ್ಲಿ ಚಿಕ್ಕದು, ಹಗುರ. ಮೂರನೆಯದರಿಂದ ಹತ್ತಿರದವರ ಸಾವು ಶುರುವಾಗುತ್ತದೆ. ಐದನೆಯದು ಬಹುಪಾಲು ನ್ಯೂಯಾರ್ಕಿನಲ್ಲಿ ನಡೆಯುವ ಒಂದೇ ದೊಡ್ಡ ಯುದ್ಧ. ಎಂಟು ಒಂಬತ್ತು ವರ್ಷದ ಮೃದು ಮನಸ್ಸಿನ ಮಗುವಾದರೆ ಎರಡು ಪುಸ್ತಕಕ್ಕೆ ನಿಲ್ಲಿಸಿ ಒಂದು ವರ್ಷ ಬಿಟ್ಟು ಮುಂದುವರಿಸಿ.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲ ಪುಸ್ತಕ ಒಂದನ್ನೇ ಕೊಂಡರೂ ಅದರ ಕಥೆ ಅದರಲ್ಲೇ ಮುಗಿಯುತ್ತದೆ. ದೊಡ್ಡ ಕಥೆಯ ಬೀಜ ಮಾತ್ರ ಉಳಿಯುತ್ತದೆ. ಆದ್ದರಿಂದ ಮೊದಲು ಒಂದೇ ಕೊಳ್ಳಿ. ಮಗು ಎರಡನೆಯದನ್ನು ತಾನಾಗಿ ಕೇಳಿದರೆ ಆಗ ಉಳಿದವು. ಸೆಟ್‌ನಲ್ಲಿ ಒಂದೊಂದರ ಬೆಲೆ ಕಡಿಮೆ ಬೀಳುತ್ತದೆ ನಿಜ. ಓದದೇ ಉಳಿಯುವ ಸೆಟ್ ಮಾತ್ರ ಯಾವ ಬೆಲೆಗೂ ದುಬಾರಿಯೇ, ಅಲ್ವಾ?

ಅದೇ ಕಥೆ, ಬೇರೆ ರೂಪದಲ್ಲಿ

ಮಗುವಿಗೆ ನಾವೆಲ್ ಭಾರ ಅನಿಸಿದರೆ ಐದಕ್ಕೂ ಗ್ರಾಫಿಕ್ ನಾವೆಲ್ ಇದೆ, ಮೊದಲನೆಯದು 2010ರಲ್ಲಿ ಬಂತು. ಬಣ್ಣ ಚೆನ್ನಾಗಿದೆ, ಹೊಡೆದಾಟ ಚೆನ್ನಾಗಿದೆ. ಆದರೆ ಪರ್ಸಿಯ ಮಾತು ಅರ್ಧಕ್ಕರ್ಧ ಹೋಗಿಬಿಟ್ಟಿದೆ, ಅವನ ಮಾತೇ ಈ ಪುಸ್ತಕದ ಜೀವ. ಹಾಗಾಗಿ ಇದು ನಾವೆಲ್‌ಗೆ ಬದಲಿ ಅಲ್ಲ. ನಾವೆಲ್‌ಗೆ ಹೆದರುವ ಮಗುವಿಗೆ ಮೊದಲ ಮೆಟ್ಟಿಲು ಅಂತ ಕೊಡಬಹುದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಆಡಿಯೋ ಪುಸ್ತಕ ಇದಕ್ಕಿಂತ ಒಳ್ಳೆಯದು ಅಂತ ನನಗನಿಸುತ್ತದೆ. ಕೇಳುತ್ತಾ ಜೊತೆಗೆ ಪುಟದ ಮೇಲೆ ಕಣ್ಣಾಡಿಸಿದರೆ ಓದೂ ಸಾಗುತ್ತದೆ, ಪರ್ಸಿಯ ಮಾತಿನ ಧಾಟಿಯೂ ಉಳಿಯುತ್ತದೆ.

2010 ಮತ್ತು 2013ರ ಸಿನೆಮಾಗಳನ್ನು ಪುಸ್ತಕಕ್ಕೆ ಮುಂಚೆ ತೋರಿಸಬೇಡಿ. 12 ವರ್ಷದ ಪರ್ಸಿಯನ್ನು ಅಲ್ಲಿ ಹೈಸ್ಕೂಲು ಹುಡುಗನನ್ನಾಗಿ ಮಾಡಿದ್ದಾರೆ. ಸರಣಿಯ ಮುಖ್ಯ ಖಳ ಕ್ರೋನಸ್ ಮೊದಲ ಸಿನೆಮಾದಲ್ಲಿ ಇಲ್ಲವೇ ಇಲ್ಲ. 2023ರ ಡಿಸೆಂಬರ್‌ನಲ್ಲಿ ಶುರುವಾದ ಡಿಸ್ನಿ ಧಾರಾವಾಹಿ ಪುಸ್ತಕಕ್ಕೆ ಹತ್ತಿರ ಇದೆ, ಮಕ್ಕಳ ಪಾತ್ರ ಮಾಡಿದವರು ಮಕ್ಕಳೇ. ಮೊದಲ ಸೀಸನ್ ಎಂಟು ಕಂತು, ಅದರಲ್ಲಿ ಮೊದಲ ಪುಸ್ತಕ ಮುಗಿಯುತ್ತದೆ. ಪುಸ್ತಕ ಓದಿ ಮುಗಿಸಿದ ಮೇಲೆ ಮನೆಯವರೆಲ್ಲ ಕೂತು ನೋಡಲು ಇದು ಚೆನ್ನ. ಯಾವುದನ್ನು ಬದಲಿಸಿದ್ದಾರೆ ಅಂತ ಮಗುವೇ ನಿಮಗೆ ಹೇಳುತ್ತದೆ.

ಮುಂದಿನ ಸರಣಿಗಳು

'ದಿ ಹೀರೋಸ್ ಆಫ್ ಒಲಿಂಪಸ್' 2010ರಿಂದ 2014ರವರೆಗೆ ಬಂದ ಐದು ಪುಸ್ತಕ. ಅಂಗಡಿಯಲ್ಲಿ ಇದನ್ನೇ ಮೊದಲು ಎತ್ತಿಕೊಂಡು ಕೈ ಸುಟ್ಟುಕೊಂಡವರು ತುಂಬಾ ಜನ. ಮೊದಲ ಪುಸ್ತಕ 'ದಿ ಲಾಸ್ಟ್ ಹೀರೋ'ದಲ್ಲಿ ಪರ್ಸಿ ಬರುವುದೇ ಇಲ್ಲ, ಅವನು ಕಾಣೆಯಾಗಿದ್ದಾನೆ. ಜೇಸನ್, ಪೈಪರ್, ಲಿಯೋ ಅಂತ ಮೂವರು ಹೊಸಬರು. ಕಥೆ ಸರದಿಯ ಮೇಲೆ ಒಬ್ಬೊಬ್ಬರ ಕಣ್ಣಿಂದ ಹೋಗುತ್ತದೆ. ಗ್ರೀಕ್ ದೇವರುಗಳ ಜೊತೆ ಅವರ ರೋಮನ್ ರೂಪಗಳೂ ಬರುತ್ತವೆ, ಸ್ಯಾನ್ ಫ್ರಾನ್ಸಿಸ್ಕೋ ಬಳಿ ರೋಮನ್ನರದ್ದೇ ಬೇರೆ ಶಿಬಿರ ಇದೆ. ಪುಸ್ತಕಗಳು 500 ಪುಟದ ಆಚೀಚೆ, ಮೊದಲನೆಯದು ಅದಕ್ಕೂ ಜಾಸ್ತಿ. ಮಕ್ಕಳೂ ಇಲ್ಲಿ ಬೆಳೆದಿದ್ದಾರೆ. ಪ್ರೀತಿ ಪ್ರೇಮ ಜಾಸ್ತಿ. ನಾಲ್ಕನೆಯದರಲ್ಲಿ ಒಬ್ಬ ಹುಡುಗ ಇನ್ನೊಬ್ಬ ಹುಡುಗನನ್ನು ಇಷ್ಟಪಟ್ಟಿದ್ದ ವಿಷಯ ಹೊರಬರುತ್ತದೆ, ಅದನ್ನು ರಯರ್ಡನ್ ತುಂಬಾ ಜೋಪಾನವಾಗಿ ಬರೆದಿದ್ದಾರೆ. ಮೊದಲ ಐದನ್ನು ಮುಗಿಸಿ "ಇನ್ನೂ ಬೇಕು" ಅನ್ನುವ ಹನ್ನೆರಡರ ಮೇಲಿನ ಮಗುವಿಗೆ ಇದು ಹಬ್ಬ. ಉಳಿದವರಿಗೆ ಬೇಡ. ಇನ್ನೊಂದು ಎಚ್ಚರಿಕೆ: ಕೆಲವು ಪುಸ್ತಕ ನಡುನೀರಿನಲ್ಲಿ ಕೈಬಿಟ್ಟ ಹಾಗೆ ನಿಲ್ಲುತ್ತವೆ, ಮೂರನೆಯದಂತೂ ಸೀದಾ ಪ್ರಪಾತದ ಅಂಚಿನಲ್ಲಿ. ಶುರು ಮಾಡಿದರೆ ಐದೂ ಕೊಳ್ಳಬೇಕಾಗುತ್ತದೆ.

'ದಿ ಟ್ರಯಲ್ಸ್ ಆಫ್ ಅಪೊಲೊ' 2016ರಿಂದ 2020ರವರೆಗೆ. ದೇವರುಗಳ ರಾಜ ಜ್ಯೂಸ್ ಶಿಕ್ಷೆ ಕೊಟ್ಟು ತನ್ನ ಮಗ ಅಪೊಲೊನನ್ನು ಮನುಷ್ಯ ಮಾಡಿ ಭೂಮಿಗೆ ತಳ್ಳುತ್ತಾನೆ. ದೇವರು ಮೊಡವೆ ಮುಖದ ಹುಡುಗನಾಗಿ ನ್ಯೂಯಾರ್ಕಿನ ಕಸದ ತೊಟ್ಟಿಗೆ ಬೀಳುತ್ತಾನೆ. ಮತ್ತೆ ಒಬ್ಬನೇ ಕಥೆ ಹೇಳುವುದು, ನಗು ಜಾಸ್ತಿ. ಆದರೆ ಹಿಂದಿನ ಹತ್ತು ಪುಸ್ತಕದ ಗುಟ್ಟೆಲ್ಲ ಇಲ್ಲಿ ಒಡೆದುಹೋಗುತ್ತದೆ, ಅದಕ್ಕೆ ಕೊನೆಗೇ ಇರಲಿ. 2023ರ 'ದಿ ಚಾಲಿಸ್ ಆಫ್ ದಿ ಗಾಡ್ಸ್' ಮತ್ತು 2024ರ 'ರ‍್ಯಾತ್ ಆಫ್ ದಿ ಟ್ರಿಪಲ್ ಗಾಡೆಸ್'ನಲ್ಲಿ ಪರ್ಸಿಯೇ ಮತ್ತೆ ಮಾತಾಡುತ್ತಾನೆ. ಕಾಲೇಜು ಸೇರಲು ಅವನಿಗೆ ದೇವರುಗಳಿಂದ ಮೂರು ಶಿಫಾರಸು ಪತ್ರ ಬೇಕು. ಹಗುರವಾದ, ಬೆಚ್ಚಗಿನ ಪುಸ್ತಕಗಳು. ಪರ್ಸಿಯನ್ನು ಆಗಲೇ ಪ್ರೀತಿಸುವವರಿಗೆ ಮಾತ್ರ ಅದರ ರುಚಿ ಪೂರ್ತಿ ಸಿಗುವುದು.

ಇನ್ನೂ ಚಿಕ್ಕವರಿಗೆ

ಏಳೆಂಟು ವರ್ಷದ ಮಗು, ಅಕ್ಕನೋ ಅಣ್ಣನೋ ಓದುವುದನ್ನು ನೋಡಿ ನನಗೂ ಬೇಕು ಅನ್ನುತ್ತಿದೆ. ಅದಕ್ಕೆ 'ಹೀರೋಸ್ ಇನ್ ಟ್ರೈನಿಂಗ್' ನೋಡಿ. ಜೋನ್ ಹೋಲಬ್ ಮತ್ತು ಸುಝಾನ್ ವಿಲಿಯಮ್ಸ್ ಬರೆದದ್ದು, 2012ರಲ್ಲಿ ಶುರುವಾಯಿತು. ಜ್ಯೂಸ್ ಇಲ್ಲಿ 10 ವರ್ಷದ ಹುಡುಗ, ತಾನು ಯಾರು ಅಂತ ಅವನಿಗೇ ಗೊತ್ತಿಲ್ಲ. ಡೆಲ್ಫಿಯಲ್ಲಿ ಕಲ್ಲಿನಿಂದ ಸಿಡಿಲನ್ನು ಕಿತ್ತುಕೊಳ್ಳುತ್ತಾನೆ, ಆಮೇಲೆ ಒಬ್ಬೊಬ್ಬರಾಗಿ ಉಳಿದ ದೇವರುಗಳನ್ನು ಹುಡುಕಿಕೊಂಡು ಹೋಗುತ್ತಾನೆ. ಒಂದೊಂದು ಪುಸ್ತಕ ನೂರು ಪುಟದ ಆಸುಪಾಸು, ನಡುನಡುವೆ ಚಿತ್ರ. ವಾಕ್ಯ ಚಿಕ್ಕವು. ಪುರಾಣವನ್ನು ತುಂಬಾ ಮೆದು ಮಾಡಿದ್ದಾರೆ, ಹತ್ತು ದಾಟಿದ ಮಗುವಿಗೆ ಸಪ್ಪೆ ಅನಿಸಬಹುದು. ಸರಣಿ ಉದ್ದ ಇದೆ, ಎಲ್ಲವನ್ನೂ ಕೊಳ್ಳುವ ಅಗತ್ಯ ಇಲ್ಲ. ನಾಲ್ಕೈದು ಓದುವಷ್ಟರಲ್ಲಿ ಮಗು ಮುಂದಿನದಕ್ಕೆ ತಯಾರಾಗಿರುತ್ತದೆ. ಲೈಬ್ರರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಚಿತ್ರದಲ್ಲೇ ಓದುವ ಮಗುವಿಗೆ

ಜಾರ್ಜ್ ಒಕಾನರ್ ಅವರ 'ಒಲಿಂಪಿಯನ್ಸ್' ಗ್ರಾಫಿಕ್ ನಾವೆಲ್‌ಗಳು ನನಗೆ ತುಂಬಾ ಇಷ್ಟ. 2010ರಲ್ಲಿ ಜ್ಯೂಸ್‌ನಿಂದ ಶುರುವಾಗಿ 2022ರಲ್ಲಿ ಡಯೊನೈಸಸ್‌ಗೆ ಮುಗಿದ 12 ಪುಸ್ತಕ, ಒಬ್ಬೊಬ್ಬ ದೇವರಿಗೆ ಒಂದೊಂದು. ಇಲ್ಲಿ ಅಮೆರಿಕವೂ ಇಲ್ಲ, ಶಾಲೆಯೂ ಇಲ್ಲ. ಹಳೆಯ ಗ್ರೀಕ್ ಕಥೆಗಳೇ, ಹಳೆಯ ಮೂಲಗಳನ್ನು ಓದಿ ಚಿತ್ರದಲ್ಲಿ ಕಟ್ಟಿದವು. ಕೊನೆಯ ಪುಟಗಳಲ್ಲಿ ಯಾವ ಚಿತ್ರದಲ್ಲಿ ಏನನ್ನು ಅಡಗಿಸಿಟ್ಟಿದ್ದೇನೆ ಅಂತ ಲೇಖಕರೇ ಟಿಪ್ಪಣಿ ಕೊಟ್ಟಿದ್ದಾರೆ, ಕುತೂಹಲದ ಮಕ್ಕಳು ಆ ಟಿಪ್ಪಣಿ ಹಿಡಿದು ಮತ್ತೆ ಮೊದಲಿಂದ ನೋಡುತ್ತಾ ಕೂರುತ್ತಾರೆ.

ಇದರ ದೊಡ್ಡ ಅನುಕೂಲ ಎರಡು. ಒಂದು, ಯಾವುದನ್ನು ಬೇಕಾದರೂ ಮೊದಲು ಓದಬಹುದು, ಒಂದೇ ಕೊಂಡರೂ ಸಾಕು. ಅಥೀನಾ ಪುಸ್ತಕದಲ್ಲಿ ಮೆಡೂಸಾ, ಅರಾಕ್ನಿ ಇಬ್ಬರ ಕಥೆಯೂ ಸಿಗುತ್ತದೆ, ಶುರು ಮಾಡಲು ಅದು ಚೆನ್ನ. ಪಾತಾಳದ ದೇವರು ಹೇಡೀಸ್ ಪುಸ್ತಕದ ಮನಸ್ಸೆಲ್ಲ ಇರುವುದು ಡಿಮೀಟರ್ ಮತ್ತು ಪರ್ಸೆಫನಿಯ, ಅಂದರೆ ಅಮ್ಮ ಮಗಳ ನಡುವಿನ ಎಳೆದಾಟದಲ್ಲಿ. ಹನ್ನೊಂದು ಹನ್ನೆರಡರ ಮಗಳ ಜೊತೆ ಕೂತು ಓದಿ ನೋಡಿ. ಎರಡನೆಯದು, ಇಂಗ್ಲಿಷ್ ಇನ್ನೂ ಸಲೀಸಾಗದ ಮಗುವಿಗೆ ನೀವು ಚಿತ್ರ ತೋರಿಸುತ್ತಾ ಕನ್ನಡದಲ್ಲೇ ಕಥೆ ಹೇಳಬಹುದು. ಅಜ್ಜಿಯೂ ಹೇಳಬಹುದು. ಪರ್ಸಿಯ ತಮಾಷೆಯನ್ನು ನಿಂತ ನಿಲುವಿನಲ್ಲಿ ಕನ್ನಡಕ್ಕೆ ತರುವುದು ಕಷ್ಟ, ಇದನ್ನು ಹೇಳುವುದು ಸುಲಭ.

ಅನನುಕೂಲ ಅಂದರೆ ತೆಳು ಪುಸ್ತಕ. ಮಗು ಅರ್ಧ ಗಂಟೆಯಲ್ಲಿ ಮುಗಿಸಿ ಕೈಗೆ ಕೊಡುತ್ತದೆ, ಪುಟದ ಲೆಕ್ಕದಲ್ಲಿ ಬೆಲೆ ಜಾಸ್ತಿ ಅನಿಸುತ್ತದೆ. ಆದರೆ ಮಕ್ಕಳು ಇಂಥದ್ದನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ತಂದೆ ಮಕ್ಕಳನ್ನು ನುಂಗುವುದು ಇಲ್ಲಿ ಚಿತ್ರದಲ್ಲೇ ಇದೆ ಅನ್ನುವುದೂ ನೆನಪಿರಲಿ.

ಕಣ್ಣು ತೇವ ಮಾಡುವ ಒಂದು ಸರಣಿ

ಬ್ರಿಟನ್ನಿನ ಮ್ಯಾಜ್ ಇವಾನ್ಸ್ ಬರೆದ 'ಹೂ ಲೆಟ್ ದಿ ಗಾಡ್ಸ್ ಔಟ್?' 2017ರಲ್ಲಿ ಬಂತು, ಒಟ್ಟು ನಾಲ್ಕು ಪುಸ್ತಕ, 2019ಕ್ಕೆ ಮುಗಿಯಿತು. 12 ವರ್ಷದ ಎಲಿಯಟ್‌ನ ಅಮ್ಮನಿಗೆ ಕಾಯಿಲೆ, ನೆನಪು ಕೈಕೊಡುತ್ತಿದೆ. ಅಪ್ಪ ಜೊತೆಗಿಲ್ಲ. ಅಡಿಗೆ, ಬಿಲ್ಲು, ಸಾಲಗಾರರು ಎಲ್ಲವನ್ನೂ ಹುಡುಗ ಒಬ್ಬನೇ ನೋಡಿಕೊಳ್ಳುತ್ತಾನೆ, ಯಾರಿಗಾದರೂ ಗೊತ್ತಾದರೆ ಅಮ್ಮನಿಂದ ತನ್ನನ್ನು ದೂರ ಮಾಡುತ್ತಾರೆ ಅಂತ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಕನ್ಯಾರಾಶಿಯೇ ಒಬ್ಬ ಹುಡುಗಿಯಾಗಿ ಆಕಾಶದಿಂದ ಅವರ ಕೊಟ್ಟಿಗೆಗೆ ಬಂದು ಬೀಳುತ್ತಾಳೆ. ಇಬ್ಬರೂ ಸೇರಿ, ಇಂಗ್ಲೆಂಡಿನ ಪುರಾತನ ಕಲ್ಲುಗಳ ವೃತ್ತವಾದ ಸ್ಟೋನ್‌ಹೆಂಜ್ ಅಡಿಯಲ್ಲಿ ಬಂಧಿಯಾಗಿದ್ದ ಸಾವಿನ ದೇವರನ್ನು ಗೊತ್ತಿಲ್ಲದೇ ಬಿಡಿಸಿಬಿಡುತ್ತಾರೆ. ಜ್ಯೂಸ್ ಮತ್ತವನ ಬಳಗ ನಿವೃತ್ತಿಯಿಂದ ಎದ್ದು ಬರಬೇಕಾಗುತ್ತದೆ.

ನಗು ಜೋರಾಗಿದೆ, ಶಬ್ದಗಳ ಚೇಷ್ಟೆ ತುಂಬಾ ಇದೆ, ಅದು ಬ್ರಿಟಿಷ್ ಇಂಗ್ಲಿಷ್ ಗೊತ್ತಿದ್ದವರಿಗೆ ಜಾಸ್ತಿ ಹತ್ತುತ್ತದೆ. ಆದರೆ ಒಳಗಿರುವುದು ಮನೆಯ ಜವಾಬ್ದಾರಿ ಹೊತ್ತ ಮಗುವಿನ ಒಂಟಿತನ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದ್ದರೆ ನೀವು ಮೊದಲು ಓದಿ, ಆಮೇಲೆ ಕೊಡಿ. ಹೊಡೆದಾಟಕ್ಕಿಂತ ಮನುಷ್ಯರ ಕಡೆ ಒಲವಿರುವ ಮಗುವಿಗೆ ನಾನು ಪರ್ಸಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ನಾಲ್ಕೇ ಪುಸ್ತಕ ಅನ್ನುವುದೂ ಒಂದು ಲಾಭ. ನಮ್ಮ ಅಂಗಡಿಗಳಲ್ಲಿ ಪರ್ಸಿಯಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಹೇಳಿ ತರಿಸಬೇಕಾಗಬಹುದು.

ಪುರಾಣವೇ ಬೇಕು ಅನ್ನುವ ಮಗುವಿಗೆ

ಪರ್ಸಿಯ ಬಾಯಲ್ಲೇ ಮೂಲ ಕಥೆಗಳನ್ನು ಹೇಳಿಸಿದ ಎರಡು ಪುಸ್ತಕಗಳನ್ನು ರಯರ್ಡನ್ ಬರೆದಿದ್ದಾರೆ. 2014ರಲ್ಲಿ ಗ್ರೀಕ್ ದೇವರುಗಳ ಬಗ್ಗೆ, 2015ರಲ್ಲಿ ವೀರರ ಬಗ್ಗೆ. ಚಿತ್ರ ಜಾನ್ ರೊಕೊ ಅವರದ್ದು. ಸರಣಿ ಓದಿ ಪರ್ಸಿಯ ಗೆಳೆತನ ಆದ ಮಗುವಿಗೆ ಇವು ಸರಿಯಾದ ಉಡುಗೊರೆ. ದೊಡ್ಡ ಆಕಾರದ ಬಣ್ಣದ ಮುದ್ರಣವನ್ನೇ ನೋಡಿ ಕೊಳ್ಳಿ, ಚಿತ್ರ ಇಲ್ಲದೆ ಅರ್ಧ ಸೊಗಸು ಹೋಗುತ್ತದೆ. ದೇವರುಗಳ ಚಾಳಿಯನ್ನು ಪರ್ಸಿ ಮುಚ್ಚಿಡುವುದಿಲ್ಲ, ತಮಾಷೆಯಲ್ಲಿ ಹೇಳಿ ಮುಂದೆ ಹೋಗುತ್ತಾನೆ.

ತಮಾಷೆ ಬೇಡ, ಕಥೆಯನ್ನು ಕಥೆಯ ಗತ್ತಿನಲ್ಲೇ ಹೇಳಬೇಕು ಅನ್ನುವ ಮನೆಗೆ ಇಂಗ್ರಿ ಮತ್ತು ಎಡ್ಗರ್ ಡೊಲೇರ್ ದಂಪತಿ 1962ರಲ್ಲಿ ಹೊರತಂದ ಗ್ರೀಕ್ ಪುರಾಣದ ಪುಸ್ತಕ ಇದೆ. ಇವತ್ತಿಗೂ ಅಚ್ಚಾಗುತ್ತಿದೆ. ದೊಡ್ಡ ಚಿತ್ರಗಳು, ನಿಧಾನದ ಮಾತು, ರಾತ್ರಿ ಒಂದೊಂದು ಕಥೆ ಓದಿ ಹೇಳಲು ಹೇಳಿ ಮಾಡಿಸಿದ ಹಾಗಿದೆ. ಮನೆಯಲ್ಲಿ ಆರು ವರ್ಷದವನೂ ಹನ್ನೆರಡು ವರ್ಷದವಳೂ ಇದ್ದರೆ, ಒಂದೇ ಪುಸ್ತಕಕ್ಕೆ ದುಡ್ಡು ಇದ್ದರೆ, ನಾನು ಇದನ್ನು ಕೊಳ್ಳುತ್ತೇನೆ.

ನಮ್ಮ ಪುರಾಣದ ಕಡೆಯಿಂದ ಬರುವ ಮಗುವಿಗೆ

ರೋಶನಿ ಚೋಕ್ಷಿ ಬರೆದ 'ಅರು ಶಾ' ಸರಣಿ ಗ್ರೀಕ್ ಅಲ್ಲ. ಆದರೂ ಇಲ್ಲಿ ಹೇಳಲೇಬೇಕು. ಬೇರೆ ಬೇರೆ ಪುರಾಣಗಳ ಲೇಖಕರಿಗೋಸ್ಕರ ರಯರ್ಡನ್ ಹೆಸರಿನಲ್ಲಿ ಶುರುವಾದ ಪ್ರಕಟಣೆಯ ಮೊದಲ ಪುಸ್ತಕ ಇದು, 2018ರಲ್ಲಿ ಬಂತು. 2022ಕ್ಕೆ ಐದು ಪುಸ್ತಕ ಮುಗಿಯಿತು. ಅಟ್ಲಾಂಟಾದ ಮ್ಯೂಸಿಯಂ ಒಂದರಲ್ಲಿ ಅಮ್ಮನ ಜೊತೆ ಇರುವ 12 ವರ್ಷದ ಅರು, ಶಾಲೆಯ ಹುಡುಗಿಯರ ಮುಂದೆ ತನ್ನ ಮಾತು ಸುಳ್ಳಲ್ಲ ಅಂತ ತೋರಿಸಲು ಮುಟ್ಟಬಾರದ ದೀಪ ಹಚ್ಚುತ್ತಾಳೆ. ಅಲ್ಲಿಂದ ಅನಾಹುತ ಶುರು. ಪಾಂಡವರು ಈ ಕಾಲದಲ್ಲಿ ಹುಡುಗಿಯರಾಗಿ ಹುಟ್ಟಿದ್ದಾರೆ, ಇವಳು ಅವರಲ್ಲಿ ಒಬ್ಬಳು.

ವಿದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಇದು ದೊಡ್ಡ ಕೊಡುಗೆ. ಊಟದ ಡಬ್ಬಿಯಿಂದ ಹೆಸರಿನವರೆಗೆ ಅವರಿಗೆ ಗೊತ್ತಿರುವ ಮುಜುಗರ ಎಲ್ಲವೂ ಇದರಲ್ಲಿ ಕಾಣುತ್ತದೆ. ಇಲ್ಲೇ ಬೆಳೆದು, ಅಜ್ಜಿಯಿಂದಲೋ ಯಕ್ಷಗಾನದಿಂದಲೋ ಮಹಾಭಾರತ ತಿಳಿದ ಮಗುವಿನ ವಿಷಯ ಸ್ವಲ್ಪ ಬೇರೆ. ಕೆಲವರಿಗೆ ಗೊತ್ತಿರುವ ಕಥೆ ತಿರುವುಮುರುವಾದಾಗ ಖುಷಿ, ಕೆಲವರಿಗೆ "ಹೀಗಲ್ಲ ಇದು!" ಅಂತ ಕಿರಿಕಿರಿ. ನಿಮ್ಮ ಮಗು ಎರಡನೆಯ ಥರದ್ದಾದರೆ ಗ್ರೀಕ್ ಕಥೆಯೇ ವಾಸಿ, ಅಲ್ಲಿ ಹೋಲಿಸಿ ನೋಡಲು ಮೊದಲೇ ಕೇಳಿದ ಕಥೆ ಇರುವುದಿಲ್ಲ.

ಕೊಳ್ಳುವ ಮುಂಚೆ

ಲೈಟ್ನಿಂಗ್ ಥೀಫ್‌ನ ಮೊದಲ ಅಧ್ಯಾಯವನ್ನು ಅಂಗಡಿಯಲ್ಲೇ ಮಗುವಿನ ಕೈಗೆ ಕೊಡಿ. ಲೆಕ್ಕದ ಟೀಚರ್ ರೆಕ್ಕೆಯ ರಾಕ್ಷಸಿಯಾಗಿ ಮೇಲೆರಗುವಷ್ಟರಲ್ಲಿ ನಿಮಗೆ ಉತ್ತರ ಸಿಕ್ಕಿರುತ್ತದೆ. ಮಗು ತಲೆ ಎತ್ತದೆ ಓದುತ್ತಿದ್ದರೆ ಅದನ್ನೇ ಕೊಳ್ಳಿ. ಎರಡನೆಯ ಪುಟಕ್ಕೇ ಅತ್ತಿತ್ತ ನೋಡಿದರೆ ಒಕಾನರ್ ಅಥವಾ ಹೀರೋಸ್ ಇನ್ ಟ್ರೈನಿಂಗ್ ಕಡೆ ಹೋಗಿ, ಪರ್ಸಿ ಎಲ್ಲೂ ಓಡಿಹೋಗುವುದಿಲ್ಲ.

ಕಡಿಮೆ ಖರ್ಚಿನಲ್ಲಿ ಆಗಬೇಕಾದರೆ ಹಳೇ ಪುಸ್ತಕದ ಅಂಗಡಿ ನೋಡಿ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟ್, ಅವೆನ್ಯೂ ರಸ್ತೆ ಸುತ್ತಿ. ಮಕ್ಕಳು ಬೆಳೆದ ಮನೆಗಳಿಂದ ಈ ಪುಸ್ತಕಗಳು ಅಲ್ಲಿಗೆ ಬರುತ್ತವೆ. ಪಾದಚಾರಿ ದಾರಿಯಲ್ಲಿ ರಾಶಿ ಹಾಕಿ ಮಾರುವ ನಕಲಿ ಪ್ರತಿ ಬೇಡ. ಅಕ್ಷರ ಮಸುಕು, ನಡುವೆ ಪುಟ ಇರುವುದಿಲ್ಲ, ಓದು ಕಷ್ಟವಾದ ಮಗುವಿಗೆ ಅದು ಇನ್ನೊಂದು ಅಡ್ಡಿ.

ಹೆಸರಿನ ವಿಷಯದಲ್ಲೂ ಹುಷಾರಾಗಿರಿ. ಅಮೆರಿಕದ ಮುದ್ರಣದಲ್ಲಿ 'ದಿ ಲೈಟ್ನಿಂಗ್ ಥೀಫ್' ಅಂತ ಇರುವುದೇ ಬ್ರಿಟನ್ನಿನ ಪಫಿನ್ ಪ್ರಕಾಶನದ ಮುದ್ರಣದಲ್ಲಿ 'ಪರ್ಸಿ ಜಾಕ್ಸನ್ ಅಂಡ್ ದಿ ಲೈಟ್ನಿಂಗ್ ಥೀಫ್' ಆಗಿದೆ. ದೇವರುಗಳ ಪುಸ್ತಕ ಅಮೆರಿಕದಲ್ಲಿ 'ಪರ್ಸಿ ಜಾಕ್ಸನ್ಸ್ ಗ್ರೀಕ್ ಗಾಡ್ಸ್', ಪಫಿನ್‌ನಲ್ಲಿ 'ಪರ್ಸಿ ಜಾಕ್ಸನ್ ಅಂಡ್ ದಿ ಗ್ರೀಕ್ ಗಾಡ್ಸ್'. ಮುಖಪುಟವೂ ಬೇರೆ. ಎರಡೂ ಒಂದೇ ಪುಸ್ತಕ, ಹುಟ್ಟುಹಬ್ಬಕ್ಕೆ ಮಾವ ಒಂದು, ಅತ್ತೆ ಒಂದು ತರುವ ಮುಂಚೆ ಮನೆಯಲ್ಲಿ ಯಾವುದಿದೆ ಅಂತ ಫೋನ್ ಮಾಡಿ ಕೇಳಿಬಿಡಲಿ.